ರಸ್ತೆ ಗುಂಡಿ ಮುಚ್ಚೋಕೆ ದುಡ್ಡು ಎಲ್ಲಿಂದ ಬರುತ್ತೆ? ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಯಾವ ರಸ್ತೆ ಯಾರ ಸುಪರ್ದಿಗೆ ಸೇರಿದೆ

ಮಳೆ ಬಂದು ಹೋದ ಮೇಲೆ ಮಂಡ್ಯ ಜಿಲ್ಲೆಯ ಸರ್ಕಾರಿ ಕಚೇರಿಗಳಿಗೆ ಬರುವ ಅರ್ಜಿಗಳಲ್ಲಿ ರಸ್ತೆ ಗುಂಡಿಯದ್ದು ಮಾಮೂಲು. ಅಂಗಡಿಯವರು ಸಹಿ ಹಾಕಿದ ಮನವಿ ಪುರಸಭೆಗೆ ಹೋಗುತ್ತೆ. ಅಲ್ಲಿ ‘ಇದು ಪಿಡಬ್ಲ್ಯುಡಿ ರಸ್ತೆ’ ಅಂತಾರೆ. ಪಿಡಬ್ಲ್ಯುಡಿಗೆ ಹೋದರೆ ‘ಇದು ಹೆದ್ದಾರಿಯವರದ್ದು’ ಅಂತಾರೆ. ಹಳ್ಳಿಯಲ್ಲಾದರೆ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ನೀರಾವರಿ ನಿಗಮ ಅಂತ ಸುತ್ತು ಇನ್ನೂ ದೊಡ್ಡದು. ಅಷ್ಟರಲ್ಲಿ ಇನ್ನೊಂದು ಮಳೆ ಬಂದಿರುತ್ತೆ.

ಕಚೇರಿಯವರು ಹೇಳುವುದು ಎಷ್ಟೋ ಸಲ ಸುಳ್ಳಲ್ಲ. ರಸ್ತೆ ಯಾರ ಹೆಸರಿನಲ್ಲಿದೆಯೋ ಅವರ ಲೆಕ್ಕದಿಂದ ಮಾತ್ರ ಅದಕ್ಕೆ ಹಣ ಹಾಕಲು ಸಾಧ್ಯ. ಬೇರೆ ಇಲಾಖೆಯ ರಸ್ತೆಗೆ ದುಡ್ಡು ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಅನುದಾನ ಎಷ್ಟು ಬಂತು ಅಂತ ಕೇಳುವುದಕ್ಕಿಂತ ಮೊದಲು ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಬೇಕು.

ಗೆಜ್ಜಲಗೆರೆಯಿಂದ ಹೊರಟರೆ

ಗೆಜ್ಜಲಗೆರೆಯ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಒಂದು ಬೈಕು ಹೊರಟಿತು ಅಂತಿಟ್ಟುಕೊಳ್ಳಿ. ಮದ್ದೂರು ಪೇಟೆ ಹಾದು, ಕೆ.ಎಂ. ದೊಡ್ಡಿ ದಾಟಿ, ಎಡಕ್ಕೋ ಬಲಕ್ಕೋ ತಿರುಗಿ ನಾಲೆ ಏರಿ ಮೇಲೆ ಹೋಗಿ ಒಂದು ಹಳ್ಳಿ ಸೇರಿತು. ಹೆಚ್ಚೆಂದರೆ ಮುಕ್ಕಾಲು ಗಂಟೆಯ ದಾರಿ. ಇಷ್ಟರಲ್ಲಿ ಆ ಬೈಕು ಐದಾರು ಮಾಲೀಕರ ರಸ್ತೆ ತುಳಿದಿರುತ್ತದೆ.

ಮೊದಲನೆಯದು ಬೆಂಗಳೂರು–ಮೈಸೂರು ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 275. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಗೆಜ್ಜಲಗೆರೆಯ ಕಾರ್ಯಕ್ರಮದಲ್ಲಿ ಉದ್ಘಾಟಿಸಿದ್ದು ಇದನ್ನೇ. ನಡುವಿನ ಆರು ಪಥ ಮಾತ್ರವಲ್ಲ, ಎರಡೂ ಬದಿಯ ಸರ್ವಿಸ್ ರಸ್ತೆಯೂ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ಇಲ್ಲ. ಅಂದರೆ ಸ್ಥಳೀಯರ ಓಡಾಟವೆಲ್ಲ ಸರ್ವಿಸ್ ರಸ್ತೆ ಮೇಲೆಯೇ. ಅಲ್ಲಿ ಗುಂಡಿ ಬಿದ್ದರೆ, ಅಂಡರ್‌ಪಾಸ್‌ನಲ್ಲಿ ನೀರು ನಿಂತರೆ ಪಂಚಾಯಿತಿ ಅಥವಾ ಪುರಸಭೆ ಮುಂದೆ ಕೂತು ಪ್ರಯೋಜನವಿಲ್ಲ.

ಮದ್ದೂರು ಪೇಟೆಯೊಳಗಿನ ಹಳೇ ಹೆದ್ದಾರಿ ಎರಡನೆಯದು. ಮೇಲುರಸ್ತೆ, ಬೈಪಾಸ್ ಆದ ಮೇಲೆ ಮದ್ದೂರು ಮತ್ತು ಮಂಡ್ಯ ಪೇಟೆಯಲ್ಲಿ ಹೋಟೆಲು, ಬೇಕರಿ, ಹಣ್ಣಿನ ಅಂಗಡಿಯವರಿಗೆ ಹೊರಗಿನ ಗಿರಾಕಿ ಕಡಿಮೆಯಾಗಿದ್ದು ಎಲ್ಲರಿಗೂ ಗೊತ್ತು. ರಸ್ತೆಯ ಯಜಮಾನಿಕೆಯ ಗೊಂದಲವೂ ಅದರ ಜೊತೆಗೇ ಬಂತು. ಬೈಪಾಸ್ ಆದಾಗ ಊರೊಳಗೆ ಉಳಿಯುವ ಹಳೇ ಭಾಗವನ್ನು ಒಂದು ಸಲ ಸರಿಪಡಿಸಿ ರಾಜ್ಯ ಸರ್ಕಾರಕ್ಕೆ ಒಪ್ಪಿಸುವುದು ಕೇಂದ್ರ ಹೆದ್ದಾರಿ ಸಚಿವಾಲಯದ ಪದ್ಧತಿ. ಒಪ್ಪಿಸುವ ಕಾಗದ ಓಡಾಡುವಷ್ಟು ಕಾಲ ಇಂಥ ರಸ್ತೆಗೆ ಎರಡೂ ಕಡೆಯವರು ಕೈ ಹಾಕುವುದಿಲ್ಲ. ಯಾವ ಊರಿನಲ್ಲೇ ಆಗಲಿ, ಹಳೇ ಹೆದ್ದಾರಿ ಪಕ್ಕದ ಅಂಗಡಿಯವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಹಸ್ತಾಂತರ ಆಗಿದೆಯಾ, ಆಗಿದ್ದರೆ ಯಾವ ತಾರೀಕಿನಲ್ಲಿ?

ಪೇಟೆ ಬೀದಿ, ಬಡಾವಣೆಯ ಅಡ್ಡರಸ್ತೆಗಳು ಪಟ್ಟಣದ ಸ್ಥಳೀಯ ಸಂಸ್ಥೆಯವು. ಮಂಡ್ಯದಲ್ಲಿ ನಗರಸಭೆ, ಮಳವಳ್ಳಿಯಲ್ಲಿ ಪುರಸಭೆ. ಮದ್ದೂರಿನ ಪುರಸಭೆಯನ್ನು ನಗರಸಭೆ ಮಾಡುವ ಸಲುವಾಗಿ ಸುತ್ತಲ ಪಂಚಾಯಿತಿಗಳನ್ನು ಸೇರಿಸಲು ಹೊರಟಾಗ ಗೆಜ್ಜಲಗೆರೆಯ ಜನ ವಿರೋಧಿಸಿದ್ದು ಸುದ್ದಿಯಾಗಿತ್ತು. ಇದಕ್ಕೂ ರಸ್ತೆಗೂ ನೇರ ಸಂಬಂಧ ಇದೆ. ಪಂಚಾಯಿತಿ ಪಟ್ಟಣಕ್ಕೆ ಸೇರಿದ ದಿನ ಅದರ ಬೀದಿಗಳೂ ಪಟ್ಟಣದ ಲೆಕ್ಕಕ್ಕೆ ಹೋಗುತ್ತವೆ. ಗ್ರಾಮೀಣ ಯೋಜನೆಗಳ ಹಣ ನಿಲ್ಲುತ್ತೆ, ನಗರ ಯೋಜನೆಗಳ ಬಾಗಿಲು ತೆರೆಯುತ್ತೆ, ಕಂದಾಯವೂ ಬದಲಾಗುತ್ತೆ.

ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವುದು ರಾಜ್ಯ ಹೆದ್ದಾರಿ. ಪಾವಗಡದಿಂದ ತುಮಕೂರು, ಕುಣಿಗಲ್, ಮದ್ದೂರು ಹಾದು ಮಳವಳ್ಳಿವರೆಗಿನ ಸುಮಾರು 193 ಕಿ.ಮೀ. ಉದ್ದದ ಈ ಹಾದಿಯನ್ನು ಕೆಶಿಪ್ ಯೋಜನೆಯಲ್ಲಿ ಅಭಿವೃದ್ಧಿ ಮಾಡಲಾಯಿತು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಮಳವಳ್ಳಿ ಕಡೆಯವರಿಗೆ ಇನ್ನೊಂದು ಸೂಚನೆ: ಹಲಗೂರು–ಮಳವಳ್ಳಿ–ಕೊಳ್ಳೇಗಾಲ ದಾರಿ ರಾಷ್ಟ್ರೀಯ ಹೆದ್ದಾರಿ 948, ಹಳೇ ನಂಬರು 209. ಅದರ ದೂರು ಲೋಕೋಪಯೋಗಿ ಉಪವಿಭಾಗಕ್ಕೆ ಕೊಟ್ಟರೆ ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ ಅಷ್ಟೇ.

ಮುಖ್ಯರಸ್ತೆಯಿಂದ ಊರಿಗೆ ಹೋಗುವ ಕೂಡುರಸ್ತೆ ಸಾಮಾನ್ಯವಾಗಿ ಜಿಲ್ಲಾ ಪಂಚಾಯಿತಿಯದ್ದು. ಅದನ್ನು ನೋಡಿಕೊಳ್ಳುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಊರೊಳಗಿನ ಬೀದಿ, ಸಿಸಿ ರಸ್ತೆ, ಚರಂಡಿ ಗ್ರಾಮ ಪಂಚಾಯಿತಿಯವು.

ಕೊನೆಗೆ ನಾಲೆ ಏರಿ. ಕೆಆರ್‌ಎಸ್ ನೀರು ಹರಿಯುವ ಈ ಜಿಲ್ಲೆಯಲ್ಲಿ ಇದನ್ನು ಬಿಟ್ಟು ರಸ್ತೆಯ ಮಾತಾಡುವ ಹಾಗಿಲ್ಲ. ವಿ.ಸಿ. ನಾಲೆ ಮತ್ತು ಅದರ ಉಪನಾಲೆಗಳ ಏರಿ ಮೇಲಿನ ದಾರಿ ಮೂಲತಃ ನಾಲೆ ನೋಡಿಕೊಳ್ಳಲು ಬಿಟ್ಟ ತಪಾಸಣೆ ರಸ್ತೆ. ಕಾವೇರಿ ನೀರಾವರಿ ನಿಗಮದ್ದು. ಜನ ಬಳಸಿ ಬಳಸಿ ಅದು ಬಸ್ಸು ಓಡಾಡುವ ದಾರಿಯಾಗಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅದಾದ ಮೇಲೂ ಕಾರುಗಳು ನಾಲೆಗೆ ಉರುಳಿವೆ. ಪ್ರತಿ ಸಲವೂ ತಡೆಗೋಡೆ ಯಾರು ಕಟ್ಟಬೇಕು ಅನ್ನೋ ಮಾತೇ ಮೊದಲು ಬರುತ್ತೆ. ನಿಗಮದ ಹಣ ಮುಖ್ಯವಾಗಿ ನೀರು ಹರಿಸುವುದಕ್ಕೆ, ಲೋಕೋಪಯೋಗಿಯ ಹಣ ತನ್ನ ಪಟ್ಟಿಯಲ್ಲಿರುವ ರಸ್ತೆಗೆ. ಏರಿ ರಸ್ತೆ ಇವೆರಡರ ನಡುವೆ ಬಿದ್ದಿದೆ. ಗುಂಡಿ ಬಿದ್ದ ಪೇಟೆ ರಸ್ತೆಯಲ್ಲಿ ವ್ಯಾಪಾರ ಹೋಗುತ್ತೆ, ಇಲ್ಲಿ ಜೀವವೇ ಹೋಗುತ್ತೆ. ಏರಿ ಪಕ್ಕದ ಊರಿನವರು ಅರ್ಜಿ ಕೊಡುವುದಾದರೆ ನಿಗಮದ ಎಂಜಿನಿಯರ್ ಮತ್ತು ಜಿಲ್ಲಾಧಿಕಾರಿ ಇಬ್ಬರಿಗೂ ಕೊಡುವುದು ಸರಿ. ರಸ್ತೆ ಸುರಕ್ಷತೆಯ ಜಿಲ್ಲಾ ಸಮಿತಿ ಜಿಲ್ಲಾಧಿಕಾರಿ ಕೆಳಗೇ ಇರುವುದರಿಂದ ಎರಡು ಇಲಾಖೆಯನ್ನು ಒಂದೇ ಮೇಜಿಗೆ ಕರೆಯಲು ಅವರಿಗಾಗುತ್ತೆ.

ಹೊಸ ರಸ್ತೆಗೆ ದುಡ್ಡು ಉಂಟು, ಗುಂಡಿಗೆ ಯಾಕಿಲ್ಲ?

‘ಪಕ್ಕದೂರಿಗೆ ಕೋಟಿಗಟ್ಟಲೆ ಬಂತು, ನಮ್ಮ ರಸ್ತೆಗೆ ಒಂದು ಲೋಡ್ ಜಲ್ಲಿ ಇಲ್ಲ’ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತೆ. ಇದಕ್ಕೆ ರಾಜಕೀಯ ಒಂದೇ ಕಾರಣವಲ್ಲ. ಸರ್ಕಾರದ ಬಜೆಟ್‌ನಲ್ಲಿ ರಸ್ತೆಗೆ ಎರಡು ಬೇರೆ ಬೇರೆ ಲೆಕ್ಕ ಶೀರ್ಷಿಕೆಗಳಿವೆ. 5054 ಅನ್ನುವುದು ಬಂಡವಾಳ ವೆಚ್ಚ: ಹೊಸ ರಸ್ತೆ, ಅಗಲೀಕರಣ, ಸೇತುವೆ. 3054 ಅನ್ನುವುದು ರಾಜಸ್ವ ವೆಚ್ಚ: ಗುಂಡಿ ಮುಚ್ಚುವುದು, ಬದಿಯ ಗಿಡಗಂಟಿ ತೆಗೆಯುವುದು, ಮೋರಿ ಬಿಡಿಸುವುದು, ಕೆಲವು ವರ್ಷಕ್ಕೊಮ್ಮೆ ಮೇಲೊಂದು ಪದರ ಡಾಂಬರು ಹಾಕುವುದು. ಮೊದಲನೆಯದಕ್ಕೆ ಸಾಲ ತರಬಹುದು, ನಬಾರ್ಡ್‌ನಿಂದ ಪಡೆಯಬಹುದು, ಕೇಂದ್ರದ ನೆರವು ಕೇಳಬಹುದು. ಎರಡನೆಯದಕ್ಕೆ ಬಹುಮಟ್ಟಿಗೆ ರಾಜ್ಯದ ಸ್ವಂತ ಆದಾಯವೇ ಬೇಕು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಎಲ್ಲವೂ ಅದೇ ಆದಾಯಕ್ಕೆ ಕೈ ಚಾಚಿಕೊಂಡಿರುತ್ತವೆ. ಇನ್ನು ಗುಂಡಿ ಮುಚ್ಚುವ ಕೆಲಸಕ್ಕೆ ಯಾರೂ ಗುದ್ದಲಿ ಪೂಜೆ ಇಟ್ಟುಕೊಳ್ಳುವುದಿಲ್ಲ, ಫ್ಲೆಕ್ಸೂ ಕಟ್ಟುವುದಿಲ್ಲ.

ಪರಿಣಾಮ ಏನೆಂದರೆ, ಸಣ್ಣ ಖರ್ಚಿನಲ್ಲಿ ಉಳಿಸಬಹುದಾದ ರಸ್ತೆಯನ್ನು ಪೂರ್ತಿ ಹಾಳಾಗಲು ಬಿಟ್ಟು, ಆಮೇಲೆ ದೊಡ್ಡ ಖರ್ಚಿನಲ್ಲಿ ಹೊಸದು ಮಾಡಲಾಗುತ್ತದೆ. ರಸ್ತೆಯನ್ನು ಹಾಳು ಮಾಡುವುದು ನೀರು. ಡಾಂಬರಿನ ಬಿರುಕಿನಲ್ಲಿ ಇಳಿದ ನೀರು ಕೆಳಗಿನ ಜಲ್ಲಿ ಪದರವನ್ನು ಸಡಿಲ ಮಾಡುತ್ತೆ, ಮೇಲೆ ಲಾರಿ ಹೋದಾಗ ಕುಸಿಯುತ್ತೆ. ಬಿರುಕು ಇದ್ದಾಗಲೇ ಮುಚ್ಚಿದ್ದರೆ, ಬದಿಯ ಚರಂಡಿ ಬಿಡಿಸಿದ್ದರೆ ಮುಗಿಯುತ್ತಿತ್ತು. ಮಂಡ್ಯ ಭಾಗದಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆ ಹೆಚ್ಚು. ಕಬ್ಬು ಅರೆಯುವುದು ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲೇ ಶುರುವಾಗುವುದರಿಂದ ಮೈಷುಗರ್, ಕೆ.ಎಂ. ದೊಡ್ಡಿ, ಕೊಪ್ಪ ಕಾರ್ಖಾನೆಗಳಿಗೆ ಕಬ್ಬಿನ ಟ್ರ್ಯಾಕ್ಟರು, ಲಾರಿಗಳು ನೆನೆದ ರಸ್ತೆ ಮೇಲೆಯೇ ಓಡುತ್ತವೆ. ಕಡಿಮೆ ಓಡಾಟಕ್ಕೆಂದು ಕಟ್ಟಿದ ಊರ ಕೂಡುರಸ್ತೆ ಜೋಡಿ ಟ್ರೈಲರ್‌ನ ಭಾರ ತಡೆಯುವುದಿಲ್ಲ. ಕಬ್ಬು ಸಾಗದಿದ್ದರೆ ರೈತನಿಗೆ ದುಡ್ಡಿಲ್ಲ, ಸಾಗಿಸಿದರೆ ಅವನ ಊರ ರಸ್ತೆಯೇ ಇರುವುದಿಲ್ಲ. ಇದಕ್ಕೆ ನಿರ್ವಹಣೆ ಹಣದ ಹಂಚಿಕೆಯಲ್ಲಿ ಕಬ್ಬಿನ ದಾರಿಗಳನ್ನು ಬೇರೆಯಾಗಿ ಎಣಿಸಬೇಕು. ಕಿ.ಮೀ. ಲೆಕ್ಕದಲ್ಲಿ ಎಲ್ಲ ರಸ್ತೆಗೂ ಸಮ ಹಂಚಿದರೆ ನ್ಯಾಯ ಆಗುವುದಿಲ್ಲ.

ದುಡ್ಡು ಬರುವ ದಾರಿಗಳು

ರಾಷ್ಟ್ರೀಯ ಹೆದ್ದಾರಿಯ ವಿಚಾರ ಬೇಗ ಮುಗಿಯುತ್ತೆ. ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎರಡೂ ಭಾಗವನ್ನು ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ ಕಟ್ಟಲಾಗಿದೆ. ವೆಚ್ಚದ ಶೇ 40ರಷ್ಟನ್ನು ಕೆಲಸ ನಡೆಯುವಾಗ ಪ್ರಾಧಿಕಾರ ಕೊಡುತ್ತೆ, ಉಳಿದದ್ದು ವರ್ಷಾನುಗಟ್ಟಲೆ ಕಂತಿನಲ್ಲಿ. ಆ ಕಂತಿನ ಅವಧಿಯಲ್ಲಿ ನಿರ್ವಹಣೆಯೂ ಕಟ್ಟಿದವರದ್ದೇ. ಟೋಲ್ ಹಣ ಪ್ರಾಧಿಕಾರಕ್ಕೆ ಹೋಗುತ್ತೆ, ತಾಲ್ಲೂಕಿಗೆ ಅದರಲ್ಲಿ ಪಾಲಿಲ್ಲ. ಹಾಗಾಗಿ ಸರ್ವಿಸ್ ರಸ್ತೆ ಗುಂಡಿಗೆ ಅನುದಾನ ಬರಲಿ ಅಂತ ಕಾಯಬೇಕಾಗಿಲ್ಲ. ಅದು ಒಪ್ಪಂದದಲ್ಲೇ ಇರುವ ಕೆಲಸ, ಮಾಡಿಸಿಕೊಳ್ಳಬೇಕು ಅಷ್ಟೇ.

ಲೋಕೋಪಯೋಗಿ ರಸ್ತೆಗೆ 3054, 5054 ಜೊತೆಗೆ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆ ಇದೆ, ನಬಾರ್ಡ್ ಸಾಲ ಇದೆ. ಪೆಟ್ರೋಲು ಡೀಸೆಲ್ ಮೇಲಿನ ಸೆಸ್‌ನಿಂದ ತುಂಬುವ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಇದೆ, ಜನರ ಬಾಯಲ್ಲಿ ಇನ್ನೂ ‘ಸಿಆರ್‌ಎಫ್’. ಮದ್ದೂರಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸುವವನೂ ಅದಕ್ಕೆ ಹಣ ಕಟ್ಟುತ್ತಲೇ ಇರುತ್ತಾನೆ. ಆ ನಿಧಿಯ ಕಾಮಗಾರಿ ಪಟ್ಟಿ ಮಾತ್ರ ದೆಹಲಿಯಲ್ಲಿ ಮಂಜೂರಾಗಬೇಕು.

ಹಳ್ಳಿ ರಸ್ತೆಗಳ ಕಥೆ ದೊಡ್ಡದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಶುರುವಾಯಿತು. ಬಯಲುಸೀಮೆಯಲ್ಲಿ 500ಕ್ಕೂ ಹೆಚ್ಚು ಜನರಿರುವ, ರಸ್ತೆ ಇಲ್ಲದ ಊರಿಗೆ ರಸ್ತೆ ಮಾಡುವುದು ಮೊದಲ ಗುರಿ. 2019ರಲ್ಲಿ ಬಂದ ಮೂರನೇ ಹಂತದಲ್ಲಿ ಇರುವ ರಸ್ತೆಗಳನ್ನೇ ಮಾರುಕಟ್ಟೆ, ಶಾಲೆ, ಆಸ್ಪತ್ರೆಗೆ ಸೇರುವಂತೆ ಬಲಪಡಿಸುವುದು. ಖರ್ಚಿನಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ರಾಜ್ಯದ್ದೇ ಆದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಯಲ್ಲೂ ಹಲವು ರಸ್ತೆಗಳಾಗಿವೆ. 2024–25ರ ರಾಜ್ಯ ಬಜೆಟ್‌ನಲ್ಲಿ ‘ಪ್ರಗತಿ ಪಥ’ ಘೋಷಣೆಯಾಯಿತು: 9,450 ಕಿ.ಮೀ. ಗ್ರಾಮೀಣ ರಸ್ತೆ, 5,200 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಒಂದು ಕಿ.ಮೀ.ಗೆ ಸುಮಾರು 55 ಲಕ್ಷ.

ಈ 55 ಲಕ್ಷದ ಲೆಕ್ಕ ನೆನಪಿಟ್ಟುಕೊಂಡರೆ ಬೇರೆ ಅಂಕಿಗಳ ತೂಕ ಗೊತ್ತಾಗುತ್ತೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಶಾಲೆ, ಸಮುದಾಯ ಭವನ, ಬೀದಿ ದೀಪ ಎಲ್ಲ ಬಿಟ್ಟು ಇಡೀ ನಿಧಿಯನ್ನು ರಸ್ತೆಗೇ ಸುರಿದರೂ ನಾಲ್ಕು ಕಿ.ಮೀ. ಪೂರ್ತಿ ಆಗುವುದಿಲ್ಲ. ಸಂಸದರ ನಿಧಿ 5 ಕೋಟಿ, ಅದು ಇಡೀ ಲೋಕಸಭಾ ಕ್ಷೇತ್ರಕ್ಕೆ. ‘ಎಮ್ಮೆಲ್ಲೆ ಗ್ರಾಂಟ್‌ನಲ್ಲಿ ಹಾಕಿಸಿಕೊಡಿ’ ಅಂತ ಕೇಳುವವರು ಇದನ್ನು ತಿಳಿದಿರಬೇಕು. ಶಾಸಕರ ನಿಜವಾದ ಶಕ್ತಿ ಆ 2 ಕೋಟಿಯಲ್ಲಿಲ್ಲ. ಇಲಾಖೆಯ ಪಟ್ಟಿಗೆ ಯಾವ ರಸ್ತೆ ಸೇರಬೇಕು ಅನ್ನೋದು ಅವರ ಪತ್ರದ ಮೇಲೆ ನಿಂತಿರುತ್ತೆ. ಗ್ರಾಮೀಣ ರಸ್ತೆ ನಿರ್ವಹಣೆಯ ಹಣ ಹಂಚುವ ತಾಲ್ಲೂಕು ಟಾಸ್ಕ್‌ಫೋರ್ಸ್‌ಗೆ ಅಧ್ಯಕ್ಷರೂ ಅವರೇ. 2025–26ರ ಬಜೆಟ್‌ನಲ್ಲಿ ಕ್ಷೇತ್ರಗಳ ರಸ್ತೆ, ಸಣ್ಣ ನೀರಾವರಿ, ನಗರ ಮೂಲಸೌಕರ್ಯಕ್ಕೆ ಅಂತ 8,000 ಕೋಟಿಯ ಮುಖ್ಯಮಂತ್ರಿಗಳ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮ ಬಂತು. ಅದರ ಪಟ್ಟಿಗೂ ದಾರಿ ಶಾಸಕರ ಮೂಲಕವೇ.

ಇಲ್ಲೊಂದು ತೊಡಕು. ಕೊಪ್ಪ ಹೋಬಳಿ ಮದ್ದೂರು ತಾಲ್ಲೂಕಿನದ್ದು, ಆದರೆ ವಿಧಾನಸಭೆಗೆ ನಾಗಮಂಗಲ ಕ್ಷೇತ್ರ. ದುದ್ದ ಹೋಬಳಿ ಮಂಡ್ಯ ತಾಲ್ಲೂಕು, ಕ್ಷೇತ್ರ ಮೇಲುಕೋಟೆ. ಇಂಥ ಊರಿನವರ ಅರ್ಜಿ ತಾಲ್ಲೂಕು ಕಚೇರಿಗೆ ಒಂದು ಕಡೆ, ಶಾಸಕರಿಗೆ ಇನ್ನೊಂದು ಕಡೆ ಹೋಗಬೇಕು. ಒಂದನ್ನು ಬಿಟ್ಟರೂ ಕೆಲಸ ಅರ್ಧಕ್ಕೆ ನಿಲ್ಲುತ್ತೆ.

ಗ್ರಾಮ ಪಂಚಾಯಿತಿಗೆ ಬರುವ ಮುಖ್ಯ ಹಣ ಹಣಕಾಸು ಆಯೋಗದ್ದು. 15ನೇ ಆಯೋಗದ 2021–22ರಿಂದ 2025–26ರ ಅವಧಿಯಲ್ಲಿ ಬಂದ ಹಣದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40ರಲ್ಲೇ ಬೀದಿ ರಸ್ತೆಯೂ ಬರಬೇಕು, ಬೇರೆ ಎಲ್ಲವೂ ಬರಬೇಕು. ರಾಜ್ಯಕ್ಕೆ ಬಂದದ್ದನ್ನು ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ 85:10:5ರ ಲೆಕ್ಕದಲ್ಲಿ ಹಂಚಲಾಯಿತು. ಅಂದರೆ ಕೂಡುರಸ್ತೆ ನೋಡಿಕೊಳ್ಳಬೇಕಾದ ಜಿಲ್ಲಾ ಪಂಚಾಯಿತಿಗೆ ಸಿಕ್ಕಿದ್ದು ನೂರಕ್ಕೆ ಐದು. ಅದರ ಮೇಲೆ 2021ರಲ್ಲಿ ಅವಧಿ ಮುಗಿದ ನಂತರ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ‘ನಮ್ಮ ಕ್ಷೇತ್ರದ ಮೆಂಬರ್’ ಅಂತ ಹಿಡಿದು ಕೇಳಲು ಜನಕ್ಕೆ ಯಾರೂ ಇಲ್ಲದಂತಾಯಿತು. ಕೂಡುರಸ್ತೆಗಳು ಹೆಚ್ಚು ಸೊರಗಿದ್ದಕ್ಕೆ ಇದೂ ಒಂದು ಕಾರಣ.

ನರೇಗಾದಲ್ಲಿ ಕೂಲಿ ಮತ್ತು ಸಾಮಗ್ರಿ ವೆಚ್ಚ 60:40 ಇರಬೇಕೆಂಬ ನಿಯಮದಿಂದ ಹೊಲದ ದಾರಿಗೆ ಮಣ್ಣು, ಗ್ರಾವೆಲ್ ಹಾಕುವ ಕೆಲಸ ಸರಿಹೊಂದಿತು, ಡಾಂಬರು ರಸ್ತೆ ಹೊಂದಲಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಕಾಲೊನಿಗಳ ರಸ್ತೆಗೆ 2013ರ ಉಪಯೋಜನೆ ಕಾಯ್ದೆಯಡಿ ಬೇರೆಯೇ ಹಣ ಇರುತ್ತೆ. ಮುಖ್ಯರಸ್ತೆಗೆ ದುಡ್ಡಿಲ್ಲ ಅಂತ ಕಾಲೊನಿ ರಸ್ತೆ ನಿಲ್ಲಿಸುವಂತಿಲ್ಲ, ಕಾಲೊನಿ ಹಣ ತೆಗೆದು ಮುಖ್ಯರಸ್ತೆಗೆ ಹಾಕುವಂತೆಯೂ ಇಲ್ಲ.

ಪಟ್ಟಣದಲ್ಲಿ ನಗರೋತ್ಥಾನ, ರಾಜ್ಯ ಹಣಕಾಸು ಆಯೋಗದ ಎಸ್‌ಎಫ್‌ಸಿ ಅನುದಾನ, ಕೇಂದ್ರ ಹಣಕಾಸು ಆಯೋಗದ ಹಣ, ಜೊತೆಗೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ. ಸಣ್ಣ ಗುಂಡಿಗೆ ತಕ್ಷಣ ತೇಪೆ ಹಾಕಲು ಕೈಗೆ ಸಿಗುವುದು ಈ ಸ್ವಂತ ಆದಾಯ ಮಾತ್ರ. ಅನುದಾನದ ಹಣಕ್ಕೆ ಕ್ರಿಯಾ ಯೋಜನೆ ಮಾಡಿ ಜಿಲ್ಲಾ ಮಟ್ಟದ ಅನುಮೋದನೆ ಪಡೆಯಬೇಕು. ಮಳಿಗೆ ಬಾಡಿಗೆ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡ ಬಜಾರಿನಲ್ಲಿ ರಸ್ತೆ ಗುಂಡಿಯೂ ವರ್ಷಗಟ್ಟಲೆ ಉಳಿದರೆ, ಅದಕ್ಕೆ ಪುರಸಭೆಯವರನ್ನು ಮಾತ್ರ ದೂರುವ ಹಾಗಿಲ್ಲ.

ಅತಿವೃಷ್ಟಿಯಲ್ಲಿ ಕೊಚ್ಚಿಹೋದ ರಸ್ತೆಗೆ ವಿಪತ್ತು ಪರಿಹಾರ ನಿಧಿಯಿಂದ ಹಣ ಬರುತ್ತೆ ಅನ್ನುವುದು ನಿಜ. ಆದರೆ ಎಷ್ಟು? ಕೇಂದ್ರದ 2015–20ರ ಮಾರ್ಗಸೂಚಿಯಲ್ಲಿ ಗ್ರಾಮೀಣ ರಸ್ತೆಗೆ ಕಿ.ಮೀ.ಗೆ 60 ಸಾವಿರ, ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗೆ 1 ಲಕ್ಷ. ಹೊಸದಾಗಿ ಮಾಡಲು 55 ಲಕ್ಷ ಬೇಕಾಗುವ ಕಡೆ 60 ಸಾವಿರದಲ್ಲಿ ಆಗುವುದು ಹಳ್ಳಕ್ಕೆ ಮಣ್ಣು ತುಂಬಿ ಬಸ್ಸು ಹೋಗುವಂತೆ ಮಾಡುವುದು ಅಷ್ಟೇ. ‘ಪರಿಹಾರದಲ್ಲಿ ಮಾಡಿದ ರಸ್ತೆ ಮೂರೇ ತಿಂಗಳಿಗೆ ಕಿತ್ತುಬಂತು’ ಅನ್ನುವ ದೂರಿನ ಹಿಂದೆ ಈ ಅಂಕಿಯೂ ಇದೆ.

ಹೊಸ ದುಡ್ಡೇ ಬೇಡದ ರಿಪೇರಿ

ಜನರಿಗೆ ಹೆಚ್ಚು ಉಪಯೋಗಕ್ಕೆ ಬರುವ, ಆದರೆ ಕಡಿಮೆ ಜನ ಕೇಳುವ ವಿಚಾರ ಇದು. ರಸ್ತೆ ಮಾಡಿದ ಗುತ್ತಿಗೆದಾರನಿಗೆ ದೋಷ ಹೊಣೆ ಅವಧಿ ಅಂತ ಇರುತ್ತೆ. ಗ್ರಾಮ ಸಡಕ್ ಯೋಜನೆಯ ರಸ್ತೆಗಾದರೆ ಐದು ವರ್ಷ. ಆ ಅವಧಿಯಲ್ಲಿ ಕಿತ್ತುಬಂದರೆ ಅವನೇ ಸರಿಮಾಡಿಕೊಡಬೇಕು. ದಿನನಿತ್ಯದ ನಿರ್ವಹಣೆಯೂ ಅದೇ ಗುತ್ತಿಗೆಯಲ್ಲಿ ಸೇರಿರುತ್ತೆ. ರಸ್ತೆ ಶುರುವಾಗುವ ಕಡೆ ನಿಲ್ಲಿಸಿರುವ ಫಲಕದಲ್ಲಿ ಉದ್ದ, ಮೊತ್ತ, ಮುಗಿಸಿದ ತಾರೀಕು, ನಿರ್ವಹಣೆ ಅವಧಿ ಬರೆದಿರುತ್ತಾರೆ. ಬಹಳ ಕಡೆ ಆ ಫಲಕದ ಮೇಲೆ ಸಿನಿಮಾ ಪೋಸ್ಟರೋ ಜಾತ್ರೆ ಪೋಸ್ಟರೋ ಅಂಟಿರುತ್ತೆ, ಇಲ್ಲವೇ ಬಳ್ಳಿ ಹಬ್ಬಿರುತ್ತೆ. ಅದನ್ನು ಸರಿಸಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಅರ್ಧ ಕೆಲಸ ಆಯ್ತು.

ಲೋಕೋಪಯೋಗಿ, ಪುರಸಭೆ ಕಾಮಗಾರಿಗಳಲ್ಲಿ ಈ ಅವಧಿ ಎಷ್ಟು ಅಂತ ಟೆಂಡರ್ ದಾಖಲೆಯಲ್ಲೇ ಇರುತ್ತೆ. ಐದು ಲಕ್ಷಕ್ಕಿಂತ ಹೆಚ್ಚಿನ ಕಾಮಗಾರಿಗೆ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯಬೇಕು. ಅದು ರಾಜ್ಯದ ಕೆಪಿಪಿಪಿ ಪೋರ್ಟಲ್‌ನಲ್ಲಿ ಸಿಗುತ್ತೆ. ಗುತ್ತಿಗೆದಾರನ ಭದ್ರತಾ ಠೇವಣಿ ಇಲಾಖೆ ಕೈಯಲ್ಲಿ ಇರುವಷ್ಟು ದಿನ ದೂರಿಗೆ ಬೆಲೆ ಇದೆ. ಠೇವಣಿ ವಾಪಸ್ ಹೋದ ಮೇಲೆ ಬರೆದ ಅರ್ಜಿ ಹೊಸ ಅನುದಾನದ ಸಾಲಿನಲ್ಲಿ ನಿಲ್ಲಬೇಕಾಗುತ್ತೆ. ಅಂದರೆ ರಸ್ತೆ ಕಿತ್ತ ವಾರವೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಪೈಪ್ ಹಾಕಲು ಅಗೆದ ರಸ್ತೆಗೂ ಇದೇ ಮಾತು. ಜಲಜೀವನ್ ಮಿಷನ್ ನಲ್ಲಿಗೆ ಊರೂರಲ್ಲಿ ಸಿಸಿ ರಸ್ತೆ ಕೊಯ್ದಿದ್ದಾರೆ, ಪೇಟೆಯಲ್ಲಿ ಒಳಚರಂಡಿಗೆ ಅಗೆಯುತ್ತಾರೆ. ಅಗೆದದ್ದನ್ನು ಮುಚ್ಚಿ ಮೊದಲಿನಂತೆ ಮಾಡುವ ಖರ್ಚು ಆ ಕಾಮಗಾರಿಯ ಅಂದಾಜಿನಲ್ಲೇ ಸೇರಿರುತ್ತೆ. ಪಂಚಾಯಿತಿ ತನ್ನ ಸಣ್ಣ ಹಣದಲ್ಲಿ ಅದನ್ನು ಮುಚ್ಚಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಹೋದಂತೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನುವ ಕಲಂ ಸೇರಿಸಲಾಗಿದೆ. ನಿಗದಿತ ಮಾನದಂಡದಂತೆ ರಸ್ತೆ ಕಟ್ಟದೆ, ನಿರ್ವಹಿಸದೆ ಸಾವು, ಊನ ಆದರೆ ಗುತ್ತಿಗೆದಾರ ಅಥವಾ ಹೊಣೆಗಾರ ಅಧಿಕಾರಿಗೆ 1 ಲಕ್ಷದವರೆಗೆ ದಂಡ. ಗುಂಡಿಯಿಂದ ಬೈಕು ಬಿದ್ದಾಗ ಠಾಣೆಯಲ್ಲಿ ‘ಸವಾರನ ಅಜಾಗರೂಕತೆ’ ಅಂತಷ್ಟೇ ಬರೆಸಿಕೊಂಡು ಬಂದರೆ ಈ ಕಲಂ ಇದ್ದೂ ಇಲ್ಲದ ಹಾಗೆ.

ಯಾವ ತಿಂಗಳಲ್ಲಿ ಕೇಳಬೇಕು

ಅರ್ಜಿಗೂ ಹಂಗಾಮು ಇದೆ. ಮಳೆಗಾಲದಲ್ಲಿ ಗುಂಡಿ ಕಂಡಾಗ ಎಲ್ಲರೂ ಅರ್ಜಿ ಕೊಡುತ್ತಾರೆ. ಆಗ ಡಾಂಬರು ಹಾಕಲು ಆಗುವುದಿಲ್ಲ, ಹಾಕಿದರೂ ನಿಲ್ಲುವುದಿಲ್ಲ. ಆಗ ಸಿಗುವುದು ಜಲ್ಲಿಪುಡಿ, ಗ್ರಾವೆಲ್ ಅಷ್ಟೇ. ಏಪ್ರಿಲ್‌ನಲ್ಲಿ ಹೊಸ ಹಣಕಾಸು ವರ್ಷ ಶುರು. ಮುಂದಿನ ಕೆಲವು ತಿಂಗಳಲ್ಲಿ ಕ್ರಿಯಾ ಯೋಜನೆ ತಯಾರಾಗುತ್ತೆ. ಆಮೇಲೆ ಅಂದಾಜುಪಟ್ಟಿ, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ ಕೆಲಸ. ನಡುವೆ ಚುನಾವಣಾ ನೀತಿಸಂಹಿತೆ ಬಂದರೆ ಶುರುವಾಗದ ಕೆಲಸ ಅಲ್ಲೇ ನಿಲ್ಲುತ್ತೆ. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಅದು ಮುಂದಿನ ವರ್ಷದ ಬಾಕಿ ಸೇರುತ್ತೆ, ಆ ವರ್ಷದ ಹೊಸ ಹಣವನ್ನು ಹಳೇ ಬಾಕಿ ಮೊದಲು ನುಂಗುತ್ತೆ. ಬಿಲ್ ಬಾಕಿ ಇರುವ ಗುತ್ತಿಗೆದಾರ ತೇಪೆ ಕೆಲಸಕ್ಕೆ ಬರುವುದೂ ಕಷ್ಟ.

ಹಾಗಾಗಿ ಮುಂದಿನ ವರ್ಷದ ಪಟ್ಟಿಗೆ ಸೇರಬೇಕಾದ ರಸ್ತೆಯ ಅರ್ಜಿ ಬೇಸಿಗೆಯಲ್ಲೇ ಹೋಗಬೇಕು. ಹಳ್ಳಿಯಲ್ಲಿ ವಾರ್ಡ್ ಸಭೆ, ಗ್ರಾಮಸಭೆಯ ನಡಾವಳಿಯಲ್ಲಿ ರಸ್ತೆಯ ಹೆಸರು ಬರೆಸುವುದು ಮುಖ್ಯ. ಬಾಯಿಮಾತಲ್ಲಿ ಹೇಳಿ ಬಂದದ್ದಕ್ಕೆ ದಾಖಲೆ ಇರುವುದಿಲ್ಲ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷ ಎಲ್ಲಿ ಎಷ್ಟು ಖರ್ಚಾಯಿತು ಅಂತ ಅಂದು ಯಾರು ಬೇಕಾದರೂ ಕಡತ ನೋಡಿ, ಜಾಗಕ್ಕೇ ಹೋಗಿ ಪರಿಶೀಲಿಸಬಹುದು. ಇದಕ್ಕೆ ಜನ ಹೋಗುವುದು ಅಪರೂಪ. ಗ್ರಾಮ ಪಂಚಾಯಿತಿ ಕಾಮಗಾರಿಗಳ ವಿವರ ಗಾಂಧಿ ಸಾಕ್ಷಿ ಕಾಯಕ ಮತ್ತು ಇ–ಗ್ರಾಮಸ್ವರಾಜ್ ತಾಣಗಳಲ್ಲೂ ಸಿಗುತ್ತೆ.

ಎಲ್ಲಿ ದೂರು ಕೊಡಬೇಕು ಅನ್ನುವುದಕ್ಕೆ: ಬೆಂಗಳೂರು–ಮೈಸೂರು ಹೆದ್ದಾರಿ, ಸರ್ವಿಸ್ ರಸ್ತೆ ಹಾಗೂ ಮಳವಳ್ಳಿ ಕಡೆಯ 948ಕ್ಕೆ 1033. ರಾಜ್ಯದ ಯಾವ ಇಲಾಖೆಗಾದರೂ ಜನಸ್ಪಂದನದ 1902, ಅಲ್ಲಿ ಕೊಡುವ ದೂರಿನ ನಂಬರು ಬರೆದಿಟ್ಟುಕೊಳ್ಳಬೇಕು. ಗ್ರಾಮ ಸಡಕ್ ರಸ್ತೆಗೆ ‘ಮೇರಿ ಸಡಕ್’ ಆ್ಯಪ್‌ನಲ್ಲಿ ಫೋಟೊ ಸಮೇತ ಹಾಕಬಹುದು. ಲೋಕೋಪಯೋಗಿ ರಸ್ತೆಗೆ ತಾಲ್ಲೂಕು ಕೇಂದ್ರದ ಉಪವಿಭಾಗದ ಎಇಇ, ಕೂಡುರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗ, ಊರ ಬೀದಿಗೆ ಪಿಡಿಒ, ಪೇಟೆ ಬೀದಿಗೆ ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ರಸ್ತೆ ಯಾಕೆ ಸರಿ ಇಲ್ಲ’ ಅಂತ ಕೇಳಿದರೆ ಆ ಪ್ರಶ್ನೆಗೆ ಉತ್ತರ ಕೊಡುವ ಕಾಗದ ಯಾವ ಕಡತದಲ್ಲೂ ಇರುವುದಿಲ್ಲ. ಇಂತಲ್ಲಿಂದ ಇಂತಲ್ಲಿವರೆಗಿನ ರಸ್ತೆಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಪಾವತಿ ಮಾಡಿದ ಬಿಲ್, ದೋಷ ಹೊಣೆ ಅವಧಿ ಮುಗಿಯುವ ತಾರೀಕು, ಇವುಗಳ ನಕಲು ಅಂತ ಕೇಳಬೇಕು. ಕಾಯ್ದೆಯಲ್ಲಿ ಕಾಮಗಾರಿ ಪರಿಶೀಲಿಸುವುದಕ್ಕೂ ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದಕ್ಕೂ ಅವಕಾಶ ಇದೆ. ಅಂದಾಜಿನಲ್ಲಿ ಬರೆದಷ್ಟು ಡಾಂಬರು ರಸ್ತೆಯಲ್ಲಿ ಇದೆಯಾ ಅಂತ ಆ ಮಾದರಿಯಿಂದ ಗೊತ್ತಾಗುತ್ತೆ.